ರವಿವಾರದ ರಜೆಗಾಗಿ ಅರ್ಜಿ ಬರೆದ ಲೋಖಂಡೆ

ರವಿವಾರ ಬಂತೆಂದರೆ ನಮ್ಮ ಮನೆಗಳ ಲಯವೇ ಬೇರೆ. ಮಕ್ಕಳು ತಡವಾಗಿ ಏಳುತ್ತಾರೆ. ಮಧ್ಯಾಹ್ನಕ್ಕೆ ಮೀನೋ ಕೋಳಿಯೋ ಏನಾದರೊಂದು ವಿಶೇಷ ಇರುತ್ತದೆ. ಸಂಜೆ ಉಮ್ಮನ ತವರಿಗೋ ಸಂಬಂಧಿಕರ ಮನೆಗೋ ಒಂದು ಸುತ್ತು ಹೋಗಿ ಬರುವುದುಂಟು. ಈ ರಜೆ ಮಳೆ ಬಿಸಿಲಿನ ಹಾಗೆ ತನ್ನಷ್ಟಕ್ಕೇ ಬಂದದ್ದು ಎಂದು ನಾವು ತಿಳಿದುಕೊಂಡಿದ್ದೇವೆ. ಹಾಗಲ್ಲ. ನಮ್ಮ ದೇಶದ ಕಾರ್ಖಾನೆ ಕೆಲಸಗಾರರಿಗೆ ವಾರಕ್ಕೊಂದು ದಿನ ಬಿಡುವು ಸಿಗಬೇಕಾದರೆ ಒಬ್ಬರು ಅರ್ಜಿ ಬರೆಯಬೇಕಾಯಿತು, ಸಾವಿರಾರು ಮಂದಿ ಅದಕ್ಕೆ ರುಜು ಹಾಕಬೇಕಾಯಿತು, ಮತ್ತೆ ಆರು ವರ್ಷ ಕಾಯಬೇಕಾಯಿತು. ಆ ಅರ್ಜಿ ಬರೆದವರ ಹೆಸರು ನಾರಾಯಣ ಮೇಘಾಜಿ ಲೋಖಂಡೆ.

ಲೋಖಂಡೆ ಹುಟ್ಟಿದ್ದು 1848ರಲ್ಲಿ, ಮುಂಬೈ ಪಕ್ಕದ ಠಾಣೆಯಲ್ಲಿ. ಅವರ ಹಿರಿಯರು ಪುಣೆ ಜಿಲ್ಲೆಯವರು, ಹೂವು ಬೆಳೆಯುವ ಮಾಲಿ ಸಮುದಾಯದವರು. ಮನೆಯಲ್ಲಿ ಅನುಕೂಲ ಇರಲಿಲ್ಲ. ಆದರೂ ಹುಡುಗ ಮೆಟ್ರಿಕ್ ತನಕ ಓದಿದ. ಆ ಕಾಲದಲ್ಲಿ ಅದು ಸಣ್ಣ ಓದಲ್ಲ. ಮುಂದಕ್ಕೆ ಕಾಲೇಜು ಅಂತ ಯೋಚಿಸುವ ಹಾಗಿರಲಿಲ್ಲ, ಸಂಬಳ ಬರಬೇಕಿತ್ತು. ಮೊದಲು ರೈಲ್ವೆಯಲ್ಲಿ, ಆಮೇಲೆ ಅಂಚೆ ಇಲಾಖೆಯಲ್ಲಿ ಕೆಲಸ ಮಾಡಿದರು. ಕೊನೆಗೆ ಮುಂಬೈಯ ಮಾಂಡ್ವಿಯ ಒಂದು ಬಟ್ಟೆ ಗಿರಣಿಯಲ್ಲಿ ಉಗ್ರಾಣ ನೋಡಿಕೊಳ್ಳುವ ಕೆಲಸ ಸಿಕ್ಕಿತು.

ಅವರ ಬದುಕನ್ನು ತಿರುಗಿಸಿದ್ದು ಈ ಉಗ್ರಾಣದ ಕೆಲಸವೇ. ಅವರು ಮಗ್ಗದ ಮುಂದೆ ನಿಂತು ಬೆವರು ಸುರಿಸುವ ಕೂಲಿಕಾರ ಆಗಿರಲಿಲ್ಲ. ಮಾಲಕರ ಕಡೆಯವರೂ ಅಲ್ಲ. ಎರಡರ ನಡುವೆ ನಿಂತು, ಓದು ಬರಹ ಬಲ್ಲ ಕಣ್ಣಿನಿಂದ ಎಲ್ಲವನ್ನೂ ನೋಡುವ ಜಾಗ ಅದು.

ಅವರು ನೋಡಿದ್ದು ಏನು? ಕಾವಸ್ಜಿ ದಾವರ್ ಎಂಬ ಪಾರ್ಸಿ ವ್ಯಾಪಾರಿ ಮುಂಬೈಯಲ್ಲಿ ಮೊದಲ ಹತ್ತಿ ಗಿರಣಿ ಸ್ಥಾಪಿಸಿದ್ದು 1854ರಲ್ಲಿ. ಮೂರು ದಶಕಗಳೊಳಗೆ ನಗರದ ತುಂಬಾ ಗಿರಣಿಗಳ ಹೊಗೆ ಕೊಳವೆಗಳು ಎದ್ದವು. ರತ್ನಾಗಿರಿ, ಸಾತಾರಾ ಕಡೆಯ ರೈತಾಪಿ ಜನ ಕೆಲಸ ಹುಡುಕಿ ಬಂದರು. ಉತ್ತರ ಭಾರತದಿಂದ ಮಗ್ಗದ ಕಸುಬು ಬಲ್ಲ ಮುಸ್ಲಿಮ್ ನೇಕಾರರೂ ಬಂದರು. ಎಲ್ಲರೂ ಚಾಳ್‌ಗಳ ಇಕ್ಕಟ್ಟು ಕೋಣೆಗಳಲ್ಲಿ ತುಂಬಿಕೊಂಡರು. ನಮ್ಮ ಕರಾವಳಿಯಿಂದ ಮುಂಬೈ ಹತ್ತಿದ ಹಿರಿಯರು ಇರುವ ಮನೆಗಳಲ್ಲಿ ಅಂತಹ ಕೋಣೆಗಳ ಕತೆ ಕೇಳದವರು ಕಡಿಮೆ.

ಗಿರಣಿಯಲ್ಲಿ ಆಗ ವಿದ್ಯುತ್ ದೀಪ ಇರಲಿಲ್ಲ. ಸೂರ್ಯನೇ ಗಡಿಯಾರ. ಬೆಳಕು ಹರಿದಾಗ ಯಂತ್ರ ಶುರು, ಕತ್ತಲಾದಾಗ ಬಂದ್. ಬೇಸಗೆಯ ಉದ್ದ ಹಗಲುಗಳಲ್ಲಿ ಹದಿಮೂರು, ಹದಿನಾಲ್ಕು ಗಂಟೆಯ ದುಡಿತ. ಮಧ್ಯೆ ಊಟಕ್ಕೆ ಇಷ್ಟು ಹೊತ್ತು ಎಂಬ ನಿಗದಿ ಇಲ್ಲ. ವಾರದ ರಜೆ ಎಂಬ ಮಾತೇ ಇಲ್ಲ. ಹಬ್ಬದ ರಜೆ ಸಿಕ್ಕಿದರೆ ಸಿಕ್ಕಿತು. ಯಂತ್ರ ನಿಂತ ದಿನವೂ ಅದನ್ನು ಉಜ್ಜಿ ತೊಳೆಯುವುದಕ್ಕೆ ಕರೆ ಬರುತ್ತಿತ್ತು. ಹೆಂಗಸರು, ಎಳೆಯ ಮಕ್ಕಳು ಎಲ್ಲರಿಗೂ ಇದೇ ಗತಿ.

ಸಂಬಳದ ಕತೆ ಇನ್ನೊಂದು. ಒಂದು ತಿಂಗಳು ದುಡಿದದ್ದಕ್ಕೆ ಕೂಲಿ ಕೈಗೆ ಬರುವಾಗ ಮುಂದಿನ ತಿಂಗಳು ಬಹಳಷ್ಟು ಕಳೆದಿರುತ್ತಿತ್ತು. ಅಲ್ಲಿವರೆಗೆ ಮನೆಯಲ್ಲಿ ಒಲೆ ಉರಿಯಬೇಕಲ್ಲ? ದಿನಸಿ ಅಂಗಡಿಯಲ್ಲಿ ಸಾಲ, ಬಡ್ಡಿಯವನ ಹತ್ತಿರ ಸಾಲ. ಸಂಬಳ ಬಂದ ದಿನವೇ ಅದು ಬೇರೆಯವರ ಪಾಲು. ಯಂತ್ರಕ್ಕೆ ಕೈ ಸಿಕ್ಕಿ ತುಂಡಾದರೆ ಅಲ್ಲಿಗೆ ಕೆಲಸವೂ ಮುಗಿಯಿತು, ಸಂಬಳವೂ ಮುಗಿಯಿತು.

ಇದನ್ನೆಲ್ಲ ಕಂಡು ಮರುಗಿದವರು ಬೇರೆಯವರೂ ಇದ್ದಿರಬಹುದು. ಲೋಖಂಡೆಗೆ ಮರುಕದ ಜೊತೆ ಒಂದು ದಾರಿಯೂ ಸಿಕ್ಕಿತ್ತು. ಅದು ಪುಣೆಯ ಜೋತಿರಾವ್ ಫುಲೆ ತೋರಿಸಿದ ದಾರಿ. ಫುಲೆ 1873ರಲ್ಲಿ ಸತ್ಯಶೋಧಕ ಸಮಾಜ ಕಟ್ಟಿದ್ದರು. ಹಿಂದುಳಿಸಲ್ಪಟ್ಟ ಜನ ತಾವೇ ಓದಿ, ತಾವೇ ಯೋಚಿಸಿ, ತಮ್ಮ ಮಾತನ್ನು ತಾವೇ ಆಡಬೇಕು ಎಂಬುದು ಆ ಸಮಾಜದ ನಿಲುವು. ಆ ಬಳಗದ ಕೃಷ್ಣರಾವ್ ಭಾಲೇಕರ್ 1877ರಲ್ಲಿ ಪುಣೆಯಲ್ಲಿ 'ದೀನಬಂಧು' ಎಂಬ ಮರಾಠಿ ಪತ್ರಿಕೆ ಆರಂಭಿಸಿದರು. ಅದು ನಷ್ಟದಲ್ಲಿ ಕುಂಟುತ್ತಿದ್ದಾಗ, 1880ರಲ್ಲಿ ಲೋಖಂಡೆ ಅದನ್ನು ಮುಂಬೈಗೆ ತಂದು ಹೆಗಲಿಗೆ ಹಾಕಿಕೊಂಡರು. ಸಾಯುವ ತನಕ ಇಳಿಸಲಿಲ್ಲ. ಗಿರಣಿಯೊಳಗಿನ ಸಂಗತಿ ಹೊರಗಿನವರಿಗೆ ಗೊತ್ತಾಗುವುದಕ್ಕೆ ಆ ಪತ್ರಿಕೆ ಒಂದು ಕಿಟಕಿಯಾಯಿತು.

1881ರಲ್ಲಿ ಬ್ರಿಟಿಷ್ ಸರಕಾರ ದೇಶದ ಮೊದಲ ಕಾರ್ಖಾನೆ ಕಾನೂನು ತಂದಿತು. ಅದರಲ್ಲಿ ಇದ್ದದ್ದು ಬಹುತೇಕ ಮಕ್ಕಳ ವಿಷಯ. ಏಳು ವರ್ಷಕ್ಕಿಂತ ಸಣ್ಣವರನ್ನು ಕೆಲಸಕ್ಕೆ ಹಚ್ಚಬಾರದು, ಹನ್ನೆರಡರೊಳಗಿನವರಿಗೆ ದಿನಕ್ಕೆ ಒಂಬತ್ತು ಗಂಟೆ ಮಾತ್ರ ಎಂದಿತ್ತು. ಎಂಟು ವರ್ಷದ ಮಗು ಒಂಬತ್ತು ಗಂಟೆ ದುಡಿಯುವುದು ಕಾನೂನು ಪ್ರಕಾರವೇ ಸರಿ! ದೊಡ್ಡವರ ದುಡಿತದ ಹೊತ್ತಿಗೆ, ಹೆಂಗಸರ ದುಡಿತಕ್ಕೆ ಮಿತಿಯೇ ಇರಲಿಲ್ಲ.

1884ರಲ್ಲಿ ಈ ಕಾನೂನನ್ನು ಮತ್ತೆ ನೋಡಲು ಮುಂಬೈಯಲ್ಲಿ ಸರಕಾರ ಒಂದು ಆಯೋಗ ನೇಮಿಸಿತು. ಆಯೋಗದ ಮುಂದೆ ಮಾಲಕರು ಮಾತಾಡುತ್ತಾರೆ, ಅಧಿಕಾರಿಗಳು ಮಾತಾಡುತ್ತಾರೆ. ಕೆಲಸಗಾರರ ಮಾತು ಆಡುವವರು ಯಾರು? ಲೋಖಂಡೆ ಅದೇ ವರ್ಷದ ಸೆಪ್ಟಂಬರ್ 23ರಂದು ಗಿರಣಿ ಕೆಲಸಗಾರರ ಸಭೆ ಸೇರಿಸಿದರು. ಮೂರು ದಿನ ಬಿಟ್ಟು ಮತ್ತೊಂದು ಸಭೆ. ಅಲ್ಲಿ ಒಂದು ಮನವಿ ಸಿದ್ಧವಾಯಿತು. 5,500 ಕೆಲಸಗಾರರು ಅದಕ್ಕೆ ರುಜು ಹಾಕಿದರು.

ಆ ಅರ್ಜಿಯಲ್ಲಿ ಇದ್ದದ್ದು ಐದು ಬೇಡಿಕೆ. ಪ್ರತಿ ರವಿವಾರ ಪೂರ್ತಿ ರಜೆ ಕೊಡಿ. ಮಧ್ಯಾಹ್ನ ಅರ್ಧ ಗಂಟೆ ಬಿಡುವು ಕೊಡಿ. ಕೆಲಸ ಬೆಳಗ್ಗೆ ಆರೂವರೆಗೆ ಶುರುವಾಗಿ ಸೂರ್ಯ ಮುಳುಗುವಾಗ ನಿಲ್ಲಲಿ. ಒಂದು ತಿಂಗಳ ಕೂಲಿ ಮುಂದಿನ ತಿಂಗಳ 15ರೊಳಗೆ ಕೈ ಸೇರಲಿ. ಕೆಲಸ ಮಾಡುವಾಗ ಪೆಟ್ಟಾದರೆ ಗುಣವಾಗುವ ತನಕ ಪೂರ್ತಿ ಸಂಬಳ, ಶಾಶ್ವತವಾಗಿ ಅಂಗ ಊನವಾದರೆ ಬದುಕಿಗೆ ಒಂದು ವ್ಯವಸ್ಥೆ ಸಿಗಲಿ. ಅಷ್ಟೇ. ಸಂಬಳ ದುಪ್ಪಟ್ಟು ಮಾಡಿ ಎಂದೂ ಕೇಳಲಿಲ್ಲ. ಇವತ್ತಿನ ಕಣ್ಣಿಗೆ ಇದು ಬಹಳ ಸಣ್ಣ ಬೇಡಿಕೆ ಅನ್ನಿಸಬಹುದು. ಆದರೆ ಒಂದೊಂದೂ ಮನೆಯೊಳಗಿನ ಒಂದೊಂದು ಕಷ್ಟಕ್ಕೆ ತಾಗಿಕೊಂಡದ್ದು. 15ನೇ ತಾರೀಕಿನ ಬೇಡಿಕೆ ಅಂಗಡಿ ಸಾಲದ್ದು. ರವಿವಾರದ ಬೇಡಿಕೆ ಮಕ್ಕಳ ಮುಖ ಹಗಲಿನಲ್ಲಿ ನೋಡುವುದರದ್ದು.

ಈ ಸಂದರ್ಭದಲ್ಲಿ ಒಂದು ಸಿಕ್ಕು ಇತ್ತು, ಅದನ್ನು ಮುಚ್ಚಿಡಬಾರದು. ಭಾರತದ ಗಿರಣಿಗಳಿಗೆ ಕಾನೂನು ಬೇಕು ಎಂದು ಗಟ್ಟಿಯಾಗಿ ಕೂಗುತ್ತಿದ್ದವರಲ್ಲಿ ಇಂಗ್ಲೆಂಡಿನ ಲ್ಯಾಂಕಶೈರ್‌ನ ಬಟ್ಟೆ ಮಾಲಕರೂ ಇದ್ದರು. ಅವರಿಗೆ ಇಲ್ಲಿನ ಕೂಲಿಕಾರನ ಮೇಲೆ ಕನಿಕರ ಉಕ್ಕಿದ್ದಲ್ಲ. ಮುಂಬೈಯ ಅಗ್ಗದ ಬಟ್ಟೆ ತಮ್ಮ ವ್ಯಾಪಾರ ಕೆಡಿಸುತ್ತದೆ ಎಂಬ ಹೆದರಿಕೆ ಅವರದ್ದು. ಹಾಗಾಗಿ ನಮ್ಮ ದೇಶದ ಅನೇಕ ನಾಯಕರು, ಪತ್ರಿಕೆಗಳು ಕಾರ್ಖಾನೆ ಕಾನೂನನ್ನೇ ವಿರೋಧಿಸಿದರು. ಸ್ವದೇಶಿ ಉದ್ದಿಮೆ ಉಳಿಯಬೇಕು ಎಂಬ ಅವರ ಚಿಂತೆ ಸುಳ್ಳಾಗಿರಲಿಲ್ಲ. ಲೋಖಂಡೆ ಮಾತ್ರ ಕೂಲಿಕಾರನ ಪಕ್ಕದಲ್ಲೇ ನಿಂತರು. ಮಾಲಕ ನಮ್ಮವನು ಎಂಬ ಕಾರಣಕ್ಕೆ ಹದಿನಾಲ್ಕು ಗಂಟೆಯ ದುಡಿತ ಹಗುರಾಗುವುದಿಲ್ಲ ಎಂಬುದು ಗಿರಣಿಯೊಳಗಿದ್ದ ಅವರಿಗೆ ಗೊತ್ತಿತ್ತು.

ಅರ್ಜಿ ಕೊಟ್ಟ ಕೂಡಲೇ ಏನೂ ಆಗಲಿಲ್ಲ. ಆಯೋಗ ವರದಿ ಕೊಟ್ಟಿತು, ಸರಕಾರ ಸುಮ್ಮನಿತ್ತು. ಒಂದು ವರ್ಷ, ಎರಡು ವರ್ಷ, ಹಾಗೇ ಆರು ವರ್ಷ ಕಳೆಯಿತು. ಲೋಖಂಡೆ ಬಿಡಲಿಲ್ಲ. 1890ರ ಎಪ್ರಿಲ್ 24ರಂದು ಮಹಾಲಕ್ಷ್ಮಿಯ ಮೈದಾನದಲ್ಲಿ ಮತ್ತೆ ಸಭೆ ಕರೆದರು. ಈ ಸಲ ಸೇರಿದವರು ಸುಮಾರು ಹತ್ತು ಸಾವಿರ ಮಂದಿ. ಇಬ್ಬರು ಹೆಂಗಸರು ಎದ್ದು ನಿಂತು ಆ ಜನರ ಮುಂದೆ ಮಾತಾಡಿದರು. 1890ರಲ್ಲಿ, ಗಿರಣಿಯಲ್ಲಿ ದುಡಿಯುವ ಹೆಣ್ಣು ಬಹಿರಂಗ ಸಭೆಯಲ್ಲಿ ತನ್ನ ಕಷ್ಟ ಹೇಳುವುದೆಂದರೆ ಅದಕ್ಕೆ ಎಷ್ಟು ಧೈರ್ಯ ಬೇಕಿತ್ತೋ ನೀವೇ ಊಹಿಸಿ.

ಅದಾಗಿ ಎರಡು ತಿಂಗಳೂ ಆಗಿರಲಿಲ್ಲ. ಜೂನ್ 10ರಂದು ಮುಂಬೈ ಗಿರಣಿ ಮಾಲಕರ ಸಂಘ ರವಿವಾರದ ರಜೆಗೆ ಒಪ್ಪಿತು. ಅದೇ ವರ್ಷ ಸರಕಾರ ಇನ್ನೊಂದು ಆಯೋಗ ಮಾಡಿದಾಗ ಅದರ ಕೆಲಸದಲ್ಲಿ ಲೋಖಂಡೆಯವರನ್ನೂ ಸೇರಿಸಿಕೊಂಡಿತು. 1891ರ ಹೊಸ ಕಾನೂನಿನಲ್ಲಿ ವಾರದ ರಜೆ, ಮಧ್ಯಾಹ್ನದ ಅರ್ಧ ಗಂಟೆ ಬಿಡುವು ಎರಡೂ ಬಂದವು. ಹೆಂಗಸರಿಗೆ ದಿನಕ್ಕೆ ಹನ್ನೊಂದು ಗಂಟೆ, ಒಂಬತ್ತರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ ಏಳು ಗಂಟೆ ಎಂಬ ಮಿತಿಯೂ ಬಂತು.

ಲೋಖಂಡೆ ಗಿರಣಿಯ ಗೇಟಿನೊಳಗೆ ಮಾತ್ರ ನ್ಯಾಯ ಕೇಳಿದವರಲ್ಲ. ಗಂಡ ಸತ್ತ ಹೆಣ್ಣಿನ ತಲೆ ಬೋಳಿಸುವ ಪದ್ಧತಿ ಆಗ ಮೇಲ್ಜಾತಿಯ ಮನೆಗಳಲ್ಲಿ ಇತ್ತು. 1890ರಲ್ಲಿ ಅವರು ಮುಂಬೈಯ ಕ್ಷೌರಿಕರನ್ನೇ ಸಭೆ ಸೇರಿಸಿ, ಇಂತಹ ಕೆಲಸಕ್ಕೆ ಇನ್ನು ಕತ್ತಿ ಎತ್ತುವುದಿಲ್ಲ ಎಂದು ನಿಶ್ಚಯ ಮಾಡಿಸಿದರು.

1893ರ ಆಗಸ್ಟ್‌ನಲ್ಲಿ ಮುಂಬೈಗೆ ದೊಡ್ಡ ಪರೀಕ್ಷೆ ಬಂತು. ಕಾಠಿಯಾವಾಡದ ಪ್ರಭಾಸ್ ಪಾಟಣದಲ್ಲಿ ಆದ ಗಲಭೆಯ ಸುದ್ದಿ, ಗೋರಕ್ಷಣೆಯ ಹೆಸರಿನ ಬಿಸಿ ಪ್ರಚಾರ ಎಲ್ಲ ಸೇರಿ ನಗರದಲ್ಲಿ ಹಿಂದೂ ಮುಸ್ಲಿಮ್ ಗಲಭೆ ಹೊತ್ತಿಕೊಂಡಿತು. ಎಷ್ಟೋ ಜೀವ ಹೋಯಿತು. ಗಿರಣಿಯ ಕೆಲಸಗಾರರೂ ಅದರಲ್ಲಿ ಸಿಕ್ಕಿಕೊಂಡರು. ಒಂದೇ ಯಂತ್ರದ ಸದ್ದಿನಲ್ಲಿ ಒಟ್ಟಿಗೆ ದುಡಿದು, ಒಂದೇ ರವಿವಾರಕ್ಕಾಗಿ ಕಾದವರು ಈಗ ಬೀದಿಯಲ್ಲಿ ಎದುರು ಬದುರು. ಲೋಖಂಡೆ ತಮ್ಮ ಜನರ ನಡುವೆ ಹೋಗಿ ಸಮಾಧಾನದ ಕೆಲಸ ಮಾಡಿದರು, ಎರಡೂ ಕಡೆಯವರನ್ನು ಹತ್ತಿರ ತರಲು ಓಡಾಡಿದರು. ಸರಕಾರ ಮುಂದೆ ಅವರಿಗೆ ರಾವ್ ಬಹದ್ದೂರ್ ಬಿರುದು ಕೊಟ್ಟಿತು. ಬಿರುದಿಗಿಂತ ದೊಡ್ಡದು ಅವರ ತಿಳಿವಳಿಕೆ. ಕೆಲಸಗಾರರು ತಮ್ಮೊಳಗೆ ಒಡೆದರೆ ಅವರ ಅರ್ಜಿಗೆ ಕಾಗದದ ಬೆಲೆಯೂ ಉಳಿಯುವುದಿಲ್ಲ.

ಅವರು ಕಟ್ಟಿದ ಗಿರಣಿ ಕೆಲಸಗಾರರ ಸಂಘಕ್ಕೆ ಕೊರತೆಗಳೂ ಇದ್ದವು. ಸದಸ್ಯರ ಪಟ್ಟಿ ಇರಲಿಲ್ಲ, ನಿಧಿ ಇರಲಿಲ್ಲ, ಬರೆದಿಟ್ಟ ನಿಯಮ ಇರಲಿಲ್ಲ. ಬಹುಪಾಲು ಒಬ್ಬರ ಹೆಗಲ ಮೇಲೆಯೇ ನಿಂತಿತ್ತು. ಆ ಹೆಗಲು ಇಲ್ಲವಾದಾಗ ಸಂಘವೂ ಮಂಕಾಯಿತು. ಸಂಘ ಕಟ್ಟುವವರು ಇದರಿಂದಲೂ ಕಲಿಯಬೇಕಾದದ್ದು ಉಂಟು.

1896ರಲ್ಲಿ ಮುಂಬೈಗೆ ಪ್ಲೇಗ್ ಬಂತು. ಅನುಕೂಲ ಇದ್ದವರು ಊರು ಬಿಟ್ಟರು. ಗಾಳಿ ಬೆಳಕಿಲ್ಲದ ಚಾಳ್‌ಗಳಲ್ಲಿ ಬಡವರು ಸಾಯತೊಡಗಿದರು. ಲೋಖಂಡೆ ಊರು ಬಿಡಲಿಲ್ಲ. ರೋಗಿಗಳ ಆರೈಕೆಗೆ ಇಳಿದರು. ಅದೇ ರೋಗ ಅವರಿಗೂ ತಗಲಿತು. 1897ರ ಫೆಬ್ರವರಿ 9ರಂದು ತೀರಿಕೊಂಡರು. ಐವತ್ತು ಕೂಡ ತುಂಬಿರಲಿಲ್ಲ. ಮರು ತಿಂಗಳೇ ಪುಣೆಯಲ್ಲಿ ಸಾವಿತ್ರಿಬಾಯಿ ಫುಲೆ ಕೂಡ ಪ್ಲೇಗ್ ರೋಗಿಗಳ ಸೇವೆ ಮಾಡುತ್ತಲೇ ತೀರಿಕೊಂಡರು.

ಲೋಖಂಡೆ ಹೋದರು, ಅರ್ಜಿ ಉಳಿಯಿತು. ಗಿರಣಿಯ ಗಂಡಸರ ದುಡಿತಕ್ಕೆ ದಿನಕ್ಕೆ ಹನ್ನೆರಡು ಗಂಟೆಯ ಮಿತಿ ಬಂದದ್ದು 1911ರಲ್ಲಿ. ಪೆಟ್ಟಾದವರಿಗೆ ಪರಿಹಾರ ಕೊಡುವ ಕಾನೂನು ಬಂದದ್ದು 1923ರಲ್ಲಿ. ಸಂಬಳ ಇಂತಿಷ್ಟು ದಿನದೊಳಗೆ ಕೊಡಲೇಬೇಕು ಎಂಬ ಕಾನೂನು 1936ರಲ್ಲಿ. ಲೆಕ್ಕ ಹಾಕಿ ನೋಡಿ. 1884ರಲ್ಲಿ ಕೇಳಿದ್ದರ ಕೊನೆಯ ಭಾಗ ಸಿಗುವುದಕ್ಕೆ 52 ವರ್ಷ ಹಿಡಿಯಿತು. ರುಜು ಹಾಕಿದವರಲ್ಲಿ ಅದನ್ನು ನೋಡಲು ಎಷ್ಟು ಮಂದಿ ಉಳಿದಿದ್ದರೋ. ಫಲ ತಿಂದವರು ಅವರ ಮಕ್ಕಳು, ಮೊಮ್ಮಕ್ಕಳು. 2005ರಲ್ಲಿ ಅಂಚೆ ಇಲಾಖೆ ಲೋಖಂಡೆ ನೆನಪಿಗೆ ಅಂಚೆ ಚೀಟಿ ಹೊರತಂದಿತು, ಒಂದು ಕಾಲದಲ್ಲಿ ಅವರು ಕೆಲಸ ಮಾಡಿದ್ದ ಇಲಾಖೆಯೇ.

ಈಗ ನಮ್ಮ ಮನೆಗಳ ಕಡೆ ಒಮ್ಮೆ ನೋಡೋಣ. ಮಡಿಲಲ್ಲಿ ತಡ್ಪೆ ಇಟ್ಟುಕೊಂಡು ಬೀಡಿ ಕಟ್ಟುವ ತಾಯಂದಿರು ನಮ್ಮ ಜಿಲ್ಲೆಯಲ್ಲಿ ಇನ್ನೂ ಇದ್ದಾರೆ. ಬೀಡಿ ಕೆಲಸಗಾರರಿಗೆಂದೇ 1966ರಲ್ಲಿ ಕಾನೂನು ಬಂದಿತ್ತು, ಅದು ಮನೆಯಲ್ಲಿ ಕಟ್ಟುವವರನ್ನೂ ಕೆಲಸಗಾರರೆಂದೇ ಲೆಕ್ಕಕ್ಕೆ ಹಿಡಿದಿತ್ತು. ಆದರೆ ಅಡುಗೆ, ಮಕ್ಕಳು, ಬಟ್ಟೆ ಎಲ್ಲ ಮುಗಿಸಿ ರಾತ್ರಿ ಎಲೆ ಕತ್ತರಿಸಲು ಕೂರುವವರಿಗೆ ರವಿವಾರ ಯಾವುದು, ಸೋಮವಾರ ಯಾವುದು? ಹೋಟೆಲಿನಲ್ಲಿ, ಅಂಗಡಿಯಲ್ಲಿ, ದೂರದ ಗಲ್ಫ್‌ನಲ್ಲಿ ದುಡಿಯುವ ನಮ್ಮ ಹುಡುಗರಲ್ಲೂ ವಾರದ ರಜೆ, ತಿಂಗಳ ಸಂಬಳ ಸರಿಯಾಗಿ ಸಿಗದವರಿದ್ದಾರೆ. ನಮ್ಮ ಅಂಗಡಿಯಲ್ಲಿ ನಮ್ಮದೇ ಹುಡುಗ ಕೆಲಸಕ್ಕಿದ್ದರೆ ಅವನಿಗೂ ಈ ಮಾತು ಸಲ್ಲುತ್ತದೆ, ಮರೆಯಬಾರದು.

ಮುಂದಿನ ರವಿವಾರ ಮನೆಯವರೆಲ್ಲ ಒಟ್ಟಿಗೆ ಊಟಕ್ಕೆ ಕೂತಾಗ, ಈ ರಜೆ ಎಲ್ಲಿಂದ ಬಂತೆಂದು ಮಕ್ಕಳಿಗೆ ಹೇಳಿ. ಉಗ್ರಾಣದ ಲೆಕ್ಕ ಬರೆಯುತ್ತಿದ್ದ ಒಬ್ಬ ಮನುಷ್ಯ, 5,500 ರುಜು, ಆರು ವರ್ಷದ ಕಾಯುವಿಕೆ. ಹಾಗೆಯೇ, ಆ ಊಟ ಬಡಿಸುತ್ತಿರುವವರಿಗೆ ಅವತ್ತು ರಜೆ ಉಂಟಾ ಎಂದೂ ಒಮ್ಮೆ ಕೇಳಿ.