ಖುದಾ ಬಖ್ಶ್ ತೆರೆದ ಬಾಗಿಲು

ದಾದಾ ಓದುತ್ತಿದ್ದ ಉರ್ದು ಪುಸ್ತಕಗಳ ಪೆಟ್ಟಿಗೆಯನ್ನು ರದ್ದಿಗೆ ಹಾಕೋಣ ಅಂದವಳು ನಾನೇ. ಆಮೇಲೆ ಪಾಟ್ನಾದ ಖುದಾ ಬಖ್ಶ್ ಅವರ ಬಗ್ಗೆ ತಿಳಿದೆ.

ಅವರು ಹುಟ್ಟಿದ್ದು 1842ರಲ್ಲಿ. ತಂದೆ ಮುಹಮ್ಮದ್ ಬಖ್ಶ್ ಸಾಯುವ ಮುನ್ನ ಸುಮಾರು 1,400 ಹಸ್ತಪ್ರತಿಗಳನ್ನು ಮಗನಿಗೆ ಒಪ್ಪಿಸಿ, ಇವು ಜನರ ಓದಿಗೆ ಸಿಗಬೇಕು ಎಂದು ಕೇಳಿಕೊಂಡರು. ಮಗ ವಕೀಲರಾಗಿ ಗಳಿಸಿದ ಹಣವನ್ನು ಪುಸ್ತಕಗಳಿಗೇ ಸುರಿದು, ಸಂಗ್ರಹವನ್ನು ಸುಮಾರು 4,000ಕ್ಕೆ ಬೆಳೆಸಿದರು. 1891ರಲ್ಲಿ ಅದನ್ನು ಸಾರ್ವಜನಿಕರಿಗೆ ತೆರೆದರು. 1908ರಲ್ಲಿ ತೀರಿಕೊಂಡ ಅವರ ಸಮಾಧಿ ಗ್ರಂಥಾಲಯದ ಆವರಣದಲ್ಲೇ ಇದೆ.

ಲೆಕ್ಕಶಾಸ್ತ್ರ ಓದುವ ನನಗೆ ಮೊದಲು ಇದು ನಷ್ಟದ ವ್ಯವಹಾರ ಅನ್ನಿಸಿತು. ಆದರೆ ಅಲ್ಲಿ ಇಂದಿಗೂ ಜನ ಕೂತು ಓದುತ್ತಾರೆ.

ಪೆಟ್ಟಿಗೆಯನ್ನು ನಮ್ಮೂರ ಗ್ರಂಥಾಲಯಕ್ಕೆ ಕೊಡೋಣ ಎಂದು ಅಬ್ಬಾಗೆ ಹೇಳಿದ್ದೇನೆ. ಕೊಡುವ ಮುಂಚೆ ಒಂದನ್ನಾದರೂ ನಾನು ಓದಿ ಮುಗಿಸಬೇಕು.