ಸೂರ್ಯನ ಕಾವಲಿಗೆ ನಿಂತ ಗುರು

ರೋಮಾಪುರಿಯ ಸಂತ ಇಗ್ನೇಷಿಯಸರ ದೇವಾಲಯಕ್ಕೆ ಗುಮ್ಮಟವಿಲ್ಲ. ಒಳಗೆ ನಿಂತು ತಲೆಯೆತ್ತಿದವರಿಗೆ ಕಾಣುವುದು ಯೇಸುಸಭೆಯ ಸಹೋದರ ಪೊತ್ಸೊ ಬಟ್ಟೆಯ ಮೇಲೆ ಬಿಡಿಸಿದ ಗುಮ್ಮಟದ ಚಿತ್ರ ಮಾತ್ರ. ನಿಜವಾದ ಗುಮ್ಮಟವನ್ನು ಹೊರಲೆಂದು ಕಟ್ಟಿದ್ದ ಭಾರಿ ಕಂಬಗಳ ಮೇಲೆ ದೂರದರ್ಶಕಗಳನ್ನು ನಿಲ್ಲಿಸಿ, ಕಾಲು ಶತಮಾನ ಕಾಲ ಸೂರ್ಯನನ್ನು ಪರೀಕ್ಷಿಸಿದವರು ವಂದನೀಯ ಫಾದರ್ ಏಂಜೆಲೊ ಸೆಕ್ಕಿಯವರು.

1818ರಲ್ಲಿ ಇಟಲಿಯ ರೆಜ್ಜೊ ಎಮಿಲಿಯಾದ ಬಡಗಿಯೊಬ್ಬರ ಮನೆಯಲ್ಲಿ ಜನಿಸಿದ ಇವರು 1833ರಲ್ಲಿ ಯೇಸುಸಭೆಯನ್ನು ಸೇರಿದರು. 1848ರ ಕ್ರಾಂತಿಯಲ್ಲಿ ದೇಶಭ್ರಷ್ಟರಾಗಿ ಇಂಗ್ಲೆಂಡಿನ ಸ್ಟೋನಿಹರ್ಸ್ಟ್, ಬಳಿಕ ಅಮೆರಿಕದ ಜಾರ್ಜ್‌ಟೌನ್ ಸೇರಬೇಕಾಯಿತು. ಮರಳಿ ಬಂದಾಗ ರೋಮನ್ ಕಾಲೇಜಿನ ವೀಕ್ಷಣಾಲಯದ ಹೊಣೆ ಇವರ ಪಾಲಿಗೆ ಬಂತು.

1858ರಲ್ಲಿ ಇವರು ಭೂಕಾಂತತೆಯನ್ನು ಅಳೆಯುವ ವೀಕ್ಷಣಾಲಯವನ್ನೂ ತೆರೆದರು. ಅದು ಸಕಾಲದಲ್ಲೇ ಆಯಿತೆನ್ನಬೇಕು. 1859ರ ಸೆಪ್ಟೆಂಬರ್ 1ರಂದು ಇಂಗ್ಲೆಂಡಿನ ಕ್ಯಾರಿಂಗ್ಟನ್ ಸೂರ್ಯಕಲೆಗಳ ನಡುವೆ ಬೆಳಕೊಂದು ಥಟ್ಟನೆ ಹೊಳೆದು ಅಡಗಿದ್ದನ್ನು ಕಂಡರು. ಸುಮಾರು 17 ಗಂಟೆಗಳ ತರುವಾಯ ಜಗತ್ತಿನಾದ್ಯಂತ ಕಾಂತಸೂಚಿಗಳು ತತ್ತರಿಸಿದವು. ರೋಮಿನಲ್ಲಿ ಸೆಕ್ಕಿಯವರ ಉಪಕರಣಗಳೂ ಮುಂಬಯಿಯಲ್ಲಿ ಕೊಲಾಬಾದ ಉಪಕರಣಗಳೂ ಆ ಕ್ಷೋಭೆಯನ್ನು ದಾಖಲಿಸಿದವು. ಧ್ರುವದ ಬಳಿ ಮಾತ್ರ ಕಾಣುವ ಧ್ರುವಪ್ರಭೆ ಕ್ಯೂಬಾದವರೆಗೂ ಕಂಡಿತು. ಸೂರ್ಯನಿಂದ ಸಿಡಿದ ವಿದ್ಯುದಾವಿಷ್ಟ ಕಣಗಳ ಮೋಡವು ಭೂಮಿಯ ಕಾಂತಕ್ಷೇತ್ರವನ್ನು ಕದಡಿದಾಗ, ಮೇಲಿನ ವಾಯುವಿನ ಆಮ್ಲಜನಕ ಹಸಿರಾಗಿ, ಕೆಂಪಾಗಿ ಬೆಳಗುತ್ತದೆಂಬುದು ಇಂದು ನಮಗೆ ತಿಳಿದಿದೆ. ಅಂದಿನವರಿಗೆ ಅದು ಒಗಟು. ಸೂರ್ಯಕಲೆಗಳಿಗೂ ಕಾಂತಸೂಚಿಗೂ ಏನೋ ನಂಟಿದೆಯೆಂದು ಶಂಕಿಸಿ ಎರಡನ್ನೂ ಒಟ್ಟಿಗೆ ಗಮನಿಸುತ್ತ ಹೋದುದೇ ಫಾದರ್ ಸೆಕ್ಕಿಯವರ ಹೆಚ್ಚುಗಾರಿಕೆ.

1860ರ ಖಗ್ರಾಸ ಗ್ರಹಣಕ್ಕೆ ಅವರು ಸ್ಪೇನಿಗೆ ತೆರಳಿದರು. ಅಲ್ಲಿ ತೆಗೆದ ಛಾಯಾಚಿತ್ರಗಳನ್ನು ಇಂಗ್ಲಿಷರ ಚಿತ್ರಗಳೊಡನೆ ಹೋಲಿಸಿದಾಗ, ಗ್ರಹಣದ ಅಂಚಿನಲ್ಲಿ ಕಾಣುವ ಕೆಂಪು ಜ್ವಾಲೆಗಳು ಚಂದ್ರನವಲ್ಲ, ಸೂರ್ಯನವೇ ಎಂಬುದು ಸ್ಥಿರಪಟ್ಟಿತು. 1868ರಲ್ಲಿ ನಮ್ಮ ನೆರೆಯ ಗುಂಟೂರಿನಲ್ಲಿ ಗ್ರಹಣ ವೀಕ್ಷಿಸಿದ ಫ್ರಾನ್ಸಿನ ಜಾನ್ಸೆನ್, ಆ ಜ್ವಾಲೆಗಳನ್ನು ಗ್ರಹಣವಿಲ್ಲದೆಯೂ ರೋಹಿತದರ್ಶಕದಿಂದ ನೋಡಬಹುದೆಂದು ತೋರಿಸಿಕೊಟ್ಟರು. ಅಂದಿನಿಂದ ರೋಮಿನಲ್ಲೂ ಆ ಜ್ವಾಲೆಗಳ ವೀಕ್ಷಣೆ ನಿಯತವಾಗಿ ನಡೆಯತೊಡಗಿತು.

1870ರಲ್ಲಿ ರೋಮ್ ಇಟಲಿ ರಾಜ್ಯದ ವಶವಾಯಿತು. ಧಾರ್ಮಿಕ ಸಭೆಗಳ ಆಸ್ತಿಗಳು ಸರಕಾರದ ಪಾಲಾದವು, ಯೇಸುಸಭೆಯ ಗುರುಗಳು ಕಾಲೇಜನ್ನು ತೊರೆಯಬೇಕಾಯಿತು. ಸೆಕ್ಕಿಯವರು ತಮ್ಮ ಸಭೆಯನ್ನೂ ಬಿಡಲಿಲ್ಲ, ಜಗದ್ಗುರುಗಳ ಮೇಲಣ ನಿಷ್ಠೆಯನ್ನೂ ಬಿಡಲಿಲ್ಲ. ಇಷ್ಟಾದರೂ ಅವರ ಕೀರ್ತಿಗೆ ಅಂಜಿಯೋ ಏನೋ, ಸರಕಾರ ಅವರನ್ನು ವೀಕ್ಷಣಾಲಯದಿಂದ ಕದಲಿಸಲಿಲ್ಲ. 1878ರ ಫೆಬ್ರವರಿ 26ರಂದು, ಒಂಬತ್ತನೆಯ ಪಿಯುಸ್ ಜಗದ್ಗುರುಗಳು ತೀರಿಕೊಂಡ ಕೆಲವೇ ದಿನಗಳಲ್ಲಿ, ಅವರೂ ದೈವಾಧೀನರಾದರು. ಅದಾದ ಮರುವರ್ಷ ವೀಕ್ಷಣಾಲಯ ಸರಕಾರದ ಕೈಸೇರಿತು.

2024ರ ಮೇ ತಿಂಗಳಲ್ಲಿ ಲಡಾಖಿನ ಹಾನ್ಲೆಯ ಆಕಾಶವೂ ಧ್ರುವಪ್ರಭೆಯಿಂದ ಕೆಂಪಾಯಿತು. ಇಂಥ ಸೌರಸ್ಫೋಟಗಳು ಭೂಮಿಯತ್ತ ಹೊರಟುದನ್ನು ಗುರುತಿಸಲೆಂದು 2006ರಲ್ಲಿ ಅಮೆರಿಕದ ನಾಸಾ ಹಾರಿಸಿದ ಜೋಡಿ ನೌಕೆಗಳ ಉಪಕರಣಸಮೂಹಕ್ಕೆ ಸೆಕ್ಕಿ ಎಂದೇ ಹೆಸರಿಡಲಾಗಿದೆ.