ಪ್ರಶ್ನೆಗೆ ಮನ್ನಣೆಯಿತ್ತ ಅವಿರಳಜ್ಞಾನಿ

ಹಳಿಯಾಳ ದಾಂಡೇಲಿಗಳನ್ನು ದಾಟಿ ಜೋಯಿಡಾ ಸೀಮೆಯ ದಟ್ಟಡವಿಯನ್ನು ಹೊಕ್ಕರೆ ಉಳವಿ ಕ್ಷೇತ್ರವು ದೊರೆಯುತ್ತದೆ. ಭಾರತ ಹುಣ್ಣಿಮೆಯ ಜಾತ್ರೆಗೆ ಭಕ್ತರು ಚಕ್ಕಡಿ ಹೂಡಿಕೊಂಡು ಬಂದು ದರ್ಶನ ಪಡೆಯುವ ಅಲ್ಲಿಯ ಗದ್ದುಗೆಯು ಷಟ್‌ಸ್ಥಲ ಚಕ್ರವರ್ತಿ ಶ್ರೀ ಚನ್ನಬಸವಣ್ಣನವರದು.

ಅಕ್ಕನಾಗಮ್ಮನವರ ಪುತ್ರರಾಗಿ ಜನಿಸಿ, ಸೋದರಮಾವ ಬಸವಣ್ಣನವರ ಆಶ್ರಯದಲ್ಲಿ ಬೆಳೆದ ಅವರಿಗೆ ಕಲ್ಯಾಣದ ಅನುಭವಮಂಟಪವೇ ವಿದ್ಯಾಲಯವಾಯಿತು. ಅಲ್ಲಿ ಅಲ್ಲಮಪ್ರಭುಗಳು ಬಂದವರನ್ನು ಪ್ರಶ್ನಿಸಿ, ಒರೆಗೆ ಹಚ್ಚಿ, ಬಳಿಕ ಮನ್ನಿಸುತ್ತಿದ್ದರು. ಅಕ್ಕಮಹಾದೇವಿಯವರಿಗೂ ಆ ಪರೀಕ್ಷೆ ತಪ್ಪಲಿಲ್ಲ. ಇಂತಹ ಗೋಷ್ಠಿಯಲ್ಲಿ ಪಳಗಿದ ಚನ್ನಬಸವಣ್ಣನವರು ತನುಕರಣಗಳ ತತ್ತ್ವಗಳನ್ನು ಬಿಡಿಬಿಡಿಯಾಗಿ ವಿಂಗಡಿಸಿ ‘ಕರಣಹಸುಗೆ’ಯನ್ನು ರಚಿಸಿದರು. ಹಸುಗೆಯೆಂದರೆ ವಿಂಗಡಣೆಯೇ ಅಲ್ಲವೆ?

ಸೊನ್ನಲಿಗೆಯಲ್ಲಿ ಕೆರೆ ಕಟ್ಟಿಸಿ, ದೇಗುಲ ನಿಲ್ಲಿಸಿ ಕೀರ್ತಿವೆತ್ತ ಸಿದ್ಧರಾಮೇಶ್ವರರು ಕಲ್ಯಾಣಕ್ಕೆ ಬಂದರು. ಅಂತರಂಗದಲ್ಲಿ ಶಿವನನ್ನು ಕಂಡವನಿಗೆ ಅಂಗದ ಮೇಲೆ ಇಷ್ಟಲಿಂಗವೇಕೆ ಎಂಬುದು ಅವರ ಸಂದೇಹ. ಆ ಸಂದೇಹವನ್ನು ಚನ್ನಬಸವಣ್ಣನವರು ಅಪರಾಧವೆಂದೆಣಿಸಲಿಲ್ಲ. ಹಿರಿಯರೆಂಬ ಸಂಕೋಚದಿಂದ ಉತ್ತರವನ್ನು ಮರೆಮಾಚಲೂ ಇಲ್ಲ. ಒಳಹೊರಗುಗಳು ಬೇರೆಯಲ್ಲವೆಂಬುದನ್ನು ಮನಗಾಣಿಸಿ ದೀಕ್ಷೆಯಿತ್ತರು. ವಯಸ್ಸಿನಲ್ಲಿ ಹಿರಿಯರಾದವರು ಕಿರಿಯ ಗುರುವಿನೆದುರು ಶಿಷ್ಯರಾಗಿ ಕುಳಿತರು. ವಿರೂಪಾಕ್ಷ ಪಂಡಿತನು 1584ರಲ್ಲಿ ರಚಿಸಿದ ‘ಚನ್ನಬಸವಪುರಾಣ’ದಲ್ಲಿಯೂ ಚನ್ನಬಸವಣ್ಣನವರು ಬೋಧಿಸುವುದು ಸಿದ್ಧರಾಮರಿಗೇ.

ಮುಂದೆ ಹರಳಯ್ಯ ಮಧುವರಸರ ಮನೆಗಳ ವಿವಾಹಸಂಬಂಧವು ಬಿಜ್ಜಳನ ಕೋಪಕ್ಕೆ ಕಾರಣವಾಗಿ, 1167ರ ಸುಮಾರಿಗೆ ಕಲ್ಯಾಣವು ಕದಡಿತು. ಜಾತಿಯ ಕಟ್ಟನ್ನು ಪ್ರಶ್ನಿಸಿದವರಿಗೆ ದೊರೆತ ಉತ್ತರವು ಮರಣದಂಡನೆ. ಮಂಟಪವು ಬರಿದಾಯಿತು, ಶರಣರು ದಿಕ್ಕುದಿಕ್ಕಿಗೆ ಚದುರಿದರು. ಚನ್ನಬಸವಣ್ಣನವರು ಒಂದು ಶರಣಸಮೂಹವನ್ನು ಮುನ್ನಡೆಸಿ ಉಳವಿಯ ಅರಣ್ಯವನ್ನು ಸೇರಿದರೆಂದೂ, ವಚನದ ಕಟ್ಟುಗಳು ಅವರೊಡನೆ ಬಂದು ಉಳಿದವೆಂದೂ ಪರಂಪರೆಯು ನಂಬಿದೆ. ಎಳೆಯ ಪ್ರಾಯದಲ್ಲಿಯೇ ಅವರು ಅಲ್ಲಿ ಲಿಂಗೈಕ್ಯರಾದರು. ಅಕ್ಕನಾಗಮ್ಮನವರ ಹೆಸರಿನ ಗವಿಯೂ ಮಹಾಮನೆಯ ಗವಿಯೂ ಇಂದಿಗೂ ಆ ಕಾನನದಲ್ಲಿವೆ.

ಕೇವಲ ಕಂಠಪಾಠದಿಂದ ವಚನವು ನಾಲಗೆಯಲ್ಲಿ ನಿಲ್ಲಬಹುದು. ಅರಿವಿನಲ್ಲಿ ನಿಲ್ಲಬೇಕಾದರೆ ವಿಚಾರವು ಬೇಕು. ಶಾಲೆಯಲ್ಲಿ ಬಾಲಕನೊಬ್ಬನು ಎದ್ದು ಏಕೆಂದು ಕೇಳಿದಾಗ ಗುರುವು ಗದರಿಸಿ ಕುಳ್ಳಿರಿಸಿದರೆ, ಆ ದಿನದ ಪಾಠವು ಅಲ್ಲಿಗೇ ಮುಗಿದಂತೆ. ಲಿಂಗಪೂಜೆಯ ಹೊತ್ತಿನಲ್ಲಿ ಮಗುವು ಇಷ್ಟಲಿಂಗವೇಕೆಂದು ಕೇಳಿದರೆ ಸದ್ಭಕ್ತರು ಸಿಡುಕದಿರಲಿ. ಸಿದ್ಧರಾಮೇಶ್ವರರು ಕೇಳಿದ್ದೂ ಅದನ್ನೇ.